ಷವರಿನ ನೀರು ಸಣ್ಣಗಾದಾಗ: ಒತ್ತಡದ ಒಂದು ಚರಿತ್ರೆ



ಗೃಹಪ್ರವೇಶ ಮುಗಿಸಿದ ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ನನಗೊಂದು ಪ್ರಶ್ನೆಯನ್ನು ಕಳುಹಿಸಿದ್ದರು. ಮೇಲಿನ ಮಹಡಿಯ ಸ್ನಾನಗೃಹದಲ್ಲಿ ತಟ್ಟೆಯಷ್ಟು ಅಗಲದ ಷವರನ್ನು ಹಾಕಿಸಿದ್ದಾರೆ. ಅದಕ್ಕೆಂದೇ ಒತ್ತಡ ಹೆಚ್ಚಿಸುವ ಪಂಪನ್ನೂ ಕೂರಿಸಿದ್ದಾರೆ. ಆದರೂ ನೀರು ಮಳೆ ನಿಂತ ಮೇಲೆ ಸೂರಿನಿಂದ ತೊಟ್ಟಿಕ್ಕುವಂತೆ ಬೀಳುತ್ತದೆಯಂತೆ. ಕೊಳಾಯಿ ಕೆಲಸದವರೊಬ್ಬರು ಇನ್ನೂ ದೊಡ್ಡ ಪಂಪು ಬೇಕೆಂದರು. ಮತ್ತೊಬ್ಬರು ಬೀದಿಯ ಕೊಳವೆಗೇ ಮೋಟಾರು ಜೋಡಿಸಿಬಿಟ್ಟರೆ ಯಾವ ತಾಪತ್ರಯವೂ ಇರದೆಂದರು. ಇಬ್ಬರಲ್ಲಿ ಯಾರ ಮಾತು ಸರಿ ಎಂಬುದು ಅವರ ಪ್ರಶ್ನೆ.

ಚರಿತ್ರೆಯ ಪಾಠ ಹೇಳುತ್ತಿದ್ದ ಮೇಷ್ಟರನ್ನು ಕೊಳಾಯಿಯ ವಿಷಯ ಕೇಳುವುದು ವಿಚಿತ್ರವೆಂದು ಕೆಲವರಿಗೆ ತೋರಬಹುದು. ನನಗೆ ಹಾಗೆ ತೋರಲಿಲ್ಲ. ನೀರು ಕೊಳವೆಯಲ್ಲಿ ಸರಿಯಾಗಿ ಬರದಿರಲು ಕಾರಣಗಳು ಬಹಳವಿಲ್ಲ. ಎತ್ತರ ಸಾಲದಿರಬಹುದು, ದಾರಿ ಕಿರಿದಾಗಿರಬಹುದು, ಕೊಳವೆಯಲ್ಲಿ ಗಾಳಿ ಸೇರಿರಬಹುದು, ಕೆಸರೋ ಸುಣ್ಣವೋ ಕಟ್ಟಿರಬಹುದು. ಇಲ್ಲವೇ ಮೂಲದಲ್ಲಿಯೇ ನೀರು ಇಲ್ಲದಿರಬಹುದು. ಈ ಐದನ್ನು ಒಂದೊಂದಾಗಿ ಅರಿತುಕೊಳ್ಳಲು ಮನುಷ್ಯನಿಗೆ ಸುಮಾರು ಎರಡು ಸಾವಿರ ವರ್ಷಗಳು ಬೇಕಾದವು. ಆದ್ದರಿಂದ ಈ ಪ್ರಶ್ನೆಗೆ ಚರಿತ್ರೆಯ ದಾರಿಯಿಂದಲೇ ಉತ್ತರ ಹೇಳುತ್ತೇನೆ.

ರೋಮಿನ ಜಲಾಧಿಕಾರಿ

ಕ್ರಿ.ಶ. 97ರಲ್ಲಿ ರೋಮಿನ ಚಕ್ರವರ್ತಿ ನರ್ವಾ ತನ್ನ ರಾಜಧಾನಿಯ ಜಲವ್ಯವಸ್ಥೆಯ ಮೇಲ್ವಿಚಾರಣೆಗೆ ಫ್ರಾಂಟಿನಸ್ ಎಂಬ ಹಿರಿಯ ಅಧಿಕಾರಿಯನ್ನು ನೇಮಿಸಿದನು. ಬ್ರಿಟನ್ನಿನಲ್ಲಿ ರಾಜ್ಯಪಾಲನಾಗಿದ್ದು ಬಂದ ಈತ, ಕೈಕೆಳಗಿನವರು ಹೇಳಿದ್ದನ್ನು ಕೇಳಿ ಆಳುವುದು ತನಗೆ ತಕ್ಕುದಲ್ಲವೆಂದು ಬಗೆದು, ನಗರಕ್ಕೆ ನೀರು ತರುತ್ತಿದ್ದ ಕಾಲುವೆಗಳನ್ನೆಲ್ಲ ಸ್ವತಃ ನೋಡಿ, ಅಳೆದು, ಒಂದು ಗ್ರಂಥವನ್ನೇ ಬರೆದಿಟ್ಟನು. ಅದು ಇಂದಿಗೂ ಉಳಿದಿದೆ.

ರೋಮಿನಲ್ಲಿ ದೂರದ ಗುಡ್ಡಗಳಿಂದ ಇಳಿಜಾರಿನಲ್ಲಿ ಹರಿದು ಬಂದ ನೀರು ಹಂಚಿಕೆಯ ತೊಟ್ಟಿಗಳನ್ನು ಸೇರುತ್ತಿತ್ತು. ಆ ತೊಟ್ಟಿಗೆ ಕೂರಿಸಿದ ಕಂಚಿನ ಮೂತಿಯ ಮೂಲಕ ಒಬ್ಬೊಬ್ಬರ ಮನೆಗೆ ಅವರವರ ಪಾಲು ಹೋಗುತ್ತಿತ್ತು. ಮೂತಿಯ ಅಳತೆಯೇ ಪಾಲಿನ ಅಳತೆ. ಫ್ರಾಂಟಿನಸ್ ತನಿಖೆಗೆ ಇಳಿದಾಗ ಕಂಡದ್ದೇನು? ಕೆಲವು ಮೂತಿಗಳು ಮಂಜೂರಾದುದಕ್ಕಿಂತ ದೊಡ್ಡವಾಗಿದ್ದವು. ಕೆಲವನ್ನು ಇತರರ ಮೂತಿಗಳಿಗಿಂತ ತಗ್ಗಿನಲ್ಲಿ ಕೂರಿಸಲಾಗಿತ್ತು. ತಗ್ಗಿನ ಮೂತಿ ಹೆಚ್ಚು ನೀರನ್ನು ಸೆಳೆಯುತ್ತದೆಂಬುದು ಅವನಿಗೆ ತಿಳಿದಿತ್ತು. ಇನ್ನು ಕೆಲವೆಡೆ ಮೂತಿ ಸರಿಯಾಗಿದ್ದರೂ ಅದರ ಮುಂದೆಯೇ ಅಗಲವಾದ ಕೊಳವೆಯನ್ನು ಜೋಡಿಸಿ ಹೆಚ್ಚು ನೀರನ್ನು ಎಳೆಯುತ್ತಿದ್ದರು. ಇದನ್ನು ತಡೆಯಲೆಂದೇ, ತೊಟ್ಟಿಯಿಂದ 50 ಅಡಿಯೊಳಗೆ ಹೆಚ್ಚು ಅಗಲದ ಕೊಳವೆಯನ್ನು ಹಾಕಬಾರದೆಂಬ ಶಾಸನ ಹಿಂದಿನಿಂದಲೂ ಇತ್ತು. ನೆಲದಡಿಯ ಕೊಳವೆಗಳಿಗೆ ಗುಟ್ಟಾಗಿ ತೂತು ಕೊರೆದು ನೀರು ಮಾರುತ್ತಿದ್ದವರೂ ಇದ್ದರು.

ಎತ್ತರ, ಅಗಲ, ಕಳವು: ಮೂರನ್ನೂ ಆತ ಗುರುತಿಸಿದ್ದನು. ಆದರೆ ನೀರಿನ ವೇಗವನ್ನು ಅಳೆದು ಲೆಕ್ಕಕ್ಕೆ ಸೇರಿಸುವ ವಿಧಾನ ಅವನಿಗೆ ತಿಳಿದಿರಲಿಲ್ಲ. ಮೂತಿಯ ಅಗಲವನ್ನಷ್ಟೇ ಅಳೆದುದರಿಂದ ಅವನ ಲೆಕ್ಕ ಕೂಡುತ್ತಿರಲಿಲ್ಲ. ಅರ್ಧ ಇಂಚಿನ ನಲ್ಲಿ ಇದೆ, ಆದರೂ ನೀರೇಕೆ ಬರುತ್ತಿಲ್ಲ ಎಂದು ಕೇಳುವ ನಾವೂ ಅದೇ ಅರ್ಧ ಲೆಕ್ಕವನ್ನು ಮಾಡುತ್ತಿರುತ್ತೇವೆ.

ವಿಜಯಪುರದ ಗಂಜುಗಳು

ಗೋಳಗುಮ್ಮಟವನ್ನು ನೋಡಲು ಹೋದವರು ಊರಿನಲ್ಲಿ ಅಲ್ಲಲ್ಲಿ ನಿಂತಿರುವ ಚೌಕಾಕಾರದ ಗೋಪುರಗಳನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅವುಗಳಿಗೆ ಗಂಜ್ ಎಂದು ಹೆಸರು. ಆದಿಲ್‌ಶಾಹಿ ದೊರೆಗಳು ತೊರವಿಯ ಕಡೆಯಿಂದಲೂ, 1651ರಲ್ಲಿ ಮಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ಕಟ್ಟಿದ ಬೇಗಂ ತಲಾಬಿನಿಂದಲೂ ನಗರಕ್ಕೆ ನೀರನ್ನು ತಂದರು. ಆ ಕೆರೆಯಿಂದ ಹೊರಟ ನೀರು ನೆಲದೊಳಗೆ ಹೂಳಿದ ಮಣ್ಣಿನ ಕೊಳವೆಗಳಲ್ಲಿ ಹರಿಯುತ್ತಿತ್ತು. ಕೊಳವೆಗಳನ್ನು ಒಂದಕ್ಕೊಂದು ಸೇರಿಸಿ ಸುತ್ತಲೂ ಗಾರೆಯ ಕವಚವನ್ನು ಕಟ್ಟಿದ್ದರು. ಕೆಲವೆಡೆ ಅವು 50 ಅಡಿಗಳಷ್ಟು ಆಳದಲ್ಲಿದ್ದವು.

ಮಣ್ಣಿನ ಕೊಳವೆ ಹೆಚ್ಚಿನ ಒತ್ತಡವನ್ನು ತಾಳಲಾರದು. ಆದ್ದರಿಂದ ದಾರಿಯುದ್ದಕ್ಕೂ 25ರಿಂದ 40 ಅಡಿ ಎತ್ತರದ ಗಂಜುಗಳನ್ನು ಎಬ್ಬಿಸಿದರು. ನೀರು ಗಂಜಿನೊಳಗೆ ಏರಿ, ತೆರೆದ ಗಾಳಿಯನ್ನು ಮುಟ್ಟಿ, ಒತ್ತಡವನ್ನು ಕಳೆದುಕೊಂಡು ಮುಂದಕ್ಕೆ ಇಳಿಯುತ್ತಿತ್ತು. ಜೊತೆಯಲ್ಲಿ ಬಂದ ಮಣ್ಣು ಗಂಜಿನ ತಳದಲ್ಲಿ ಕೂರುತ್ತಿತ್ತು. ತಿಳಿಯಾದ ನೀರು ಮುಂದೆ ಹೋಗುತ್ತಿತ್ತು. ಕೊಳವೆಯಲ್ಲಿ ಸಿಲುಕಿದ ಗಾಳಿಗೂ ಹೊರಹೋಗಲು ಅದೇ ಬಾಗಿಲು. ಒತ್ತಡ, ಕೆಸರು, ಗಾಳಿ ಎಂಬ ಮೂರು ರೋಗಗಳಿಗೆ ಒಂದೇ ಕಟ್ಟಡದಿಂದ ಮದ್ದು ಮಾಡಿದ ಆ ಕುಶಲಿಗಳ ಹೆಸರುಗಳು ಪಠ್ಯಪುಸ್ತಕಗಳಲ್ಲಿ ಬರುವುದಿಲ್ಲ. ಬರಬೇಕಾಗಿತ್ತೆಂದು ನನ್ನ ಅಭಿಪ್ರಾಯ.

ನಿಮ್ಮ ಮನೆಯ ತಾರಸಿಗೆ ಒಮ್ಮೆ ಹತ್ತಿ ನೋಡಿ. ಸೌರ ಜಲತಾಪಕದ ಪಕ್ಕದಲ್ಲಿ ಬಾಯಿ ತೆರೆದುಕೊಂಡು ಆಕಾಶದತ್ತ ನಿಂತಿರುವ ಸಣ್ಣ ಕೊಳವೆಯೊಂದಿದೆ. ಗಾಳಿಯೂ ಆವಿಯೂ ಹೊರಹೋಗಲೆಂದು ಇಟ್ಟ ಆ ಕೊಳವೆ, ವಿಜಯಪುರದ ಗಂಜಿನ ಮರಿಮಗ.

ಗಾಳಿಯ ತೂಕ

ಹೀರುವ ಪಂಪು ಬಾವಿಯ ನೀರನ್ನು ಒಂದು ಮಿತಿಯಿಂದಾಚೆ ಎತ್ತಲಾರದೆಂಬುದು ಇಟಲಿಯ ಕೆಲಸಗಾರರಿಗೆ ತಿಳಿದಿತ್ತು. 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಗೆಲಿಲಿಯೋ ಈ ಮಿತಿಯನ್ನು 18 ಮೊಳವೆಂದು ದಾಖಲಿಸಿದನು. ನಮ್ಮ ಲೆಕ್ಕದಲ್ಲಿ ಅದು ಸುಮಾರು 10 ಮೀಟರು. ಉದ್ದವಾದ ಹಗ್ಗ ತನ್ನ ಭಾರಕ್ಕೆ ತಾನೇ ಹರಿಯುವಂತೆ ನೀರಿನ ಕಂಬವೂ ತುಂಡಾಗುತ್ತದೆಂದು ಆತ ಊಹಿಸಿದನು. ಸರಿಯಾದ ಉತ್ತರವನ್ನು ಕೊಟ್ಟವನು ಅವನ ಶಿಷ್ಯ ಟಾರಿಸೆಲ್ಲಿ. ಪಂಪು ನೀರನ್ನು ಎಳೆಯುವುದೇ ಇಲ್ಲ. ಹೊರಗಿನ ಗಾಳಿಯ ಭಾರ ನೀರನ್ನು ಮೇಲಕ್ಕೆ ತಳ್ಳುತ್ತದೆ ಎಂದು 1644ರಲ್ಲಿ ಆತ ಪಾದರಸದ ನಳಿಗೆಯ ಪ್ರಯೋಗದಿಂದ ವಿವರಿಸಿದನು. 1648ರಲ್ಲಿ ಫ್ರಾನ್ಸಿನ ಪಾಸ್ಕಲ್ ತನ್ನ ಭಾವನಿಂದ ಅದೇ ನಳಿಗೆಯನ್ನು ಪುಯಿ ದ ಡೋಮ್ ಬೆಟ್ಟದ ಮೇಲಕ್ಕೆ ಒಯ್ಯಿಸಿದನು. ಮೇಲೇರಿದಂತೆ ಪಾದರಸ ತಗ್ಗಿತು. ಗಾಳಿಗೂ ತೂಕವುಂಟೆಂಬುದು ಸಿದ್ಧವಾಯಿತು.

ಪಾಸ್ಕಲನ ಇನ್ನೊಂದು ತತ್ತ್ವ ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. ನೀರಿನ ಒತ್ತಡ ಅದರ ಎತ್ತರವನ್ನು ಅವಲಂಬಿಸಿದೆಯೇ ಹೊರತು ಪಾತ್ರೆಯ ಗಾತ್ರವನ್ನಲ್ಲ. 500 ಲೀಟರಿನ ತೊಟ್ಟಿ ಇದ್ದಲ್ಲಿ 5,000 ಲೀಟರಿನ ತೊಟ್ಟಿಯನ್ನು ಅದೇ ಮಟ್ಟದಲ್ಲಿ ಇಟ್ಟರೆ ಸ್ನಾನದ ನೀರು ಹೆಚ್ಚು ದಿನ ಬರುವುದು. ಹೆಚ್ಚು ರಭಸದಿಂದ ಬರುವುದಿಲ್ಲ. 10 ಮೀಟರು ಎತ್ತರದ ನೀರಿನ ಕಂಬ ಸುಮಾರು 1 ಬಾರ್ ಒತ್ತಡವನ್ನು ಕೊಡುತ್ತದೆ. ತಾರಸಿಯ ತೊಟ್ಟಿಗೂ ಮೇಲಿನ ಮಹಡಿಯ ಷವರಿಗೂ ನಡುವೆ ಇರುವುದು ಬಹುಮಟ್ಟಿಗೆ 2ರಿಂದ 3 ಮೀಟರು. ಎಂದರೆ 1 ಬಾರ್‌ನ ಕಾಲುಭಾಗದಷ್ಟು ಒತ್ತಡ. ಕೆಳಗಿನ ಮನೆಯವರ ನಲ್ಲಿಯಲ್ಲಿ ನೀರು ರಭಸವಾಗಿಯೂ ತೊಟ್ಟಿಗೆ ಸಮೀಪವಿರುವ ಮೇಲಿನ ಮನೆಯವರಲ್ಲಿ ಸಣ್ಣಗೂ ಬರುವುದರ ರಹಸ್ಯ ಇದೇ.

ನಿಂತ ನೀರಿನ ಒತ್ತಡ ಒಂದು, ಹರಿಯುವ ನೀರಿನ ಒತ್ತಡ ಮತ್ತೊಂದು. ಹರಿಯುವಾಗ ಕೊಳವೆಯ ಗೋಡೆ ನೀರನ್ನು ತಡೆಯುತ್ತದೆ. ಫ್ರಾನ್ಸಿನ ಡಿಜೋನ್ ನಗರಕ್ಕೆ 1840ರಲ್ಲಿ ಶುದ್ಧ ನೀರನ್ನು ತಂದ ಎಂಜಿನಿಯರ್ ಹೆನ್ರಿ ಡಾರ್ಸಿ, ಹೊಸ ಕೊಳವೆಗಳನ್ನೂ ಕಿಟ್ಟ ಹಿಡಿದ ಹಳೆಯ ಕೊಳವೆಗಳನ್ನೂ ಪರೀಕ್ಷಿಸಿ, ಒಳಮೈ ಒರಟಾದಷ್ಟೂ ತಡೆ ಹೆಚ್ಚೆಂಬುದನ್ನು 1857ರಲ್ಲಿ ಪ್ರಕಟಿಸಿದನು. ಕೊಳವೆಯ ಒಳವ್ಯಾಸ ಅರ್ಧವಾದರೆ ನೀರು ಅರ್ಧವಾಗುವುದೆಂದು ನಾವು ಎಣಿಸುತ್ತೇವೆ; ನಿಜದಲ್ಲಿ ಅದು ಐದು ಆರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಳೆಯ ಮನೆಗಳ ಕಬ್ಬಿಣದ ಕೊಳವೆಯನ್ನು ಕತ್ತರಿಸಿ ನೋಡಿದವರಿಗೆ, ಅರ್ಧ ಇಂಚಿನ ದಾರಿ ಪೆನ್ಸಿಲಿನಷ್ಟಾಗಿರುವುದು ಕಣ್ಣಿಗೆ ಬಿದ್ದೇ ಇರುತ್ತದೆ.

ಹಂಡೆಯಿಂದ ಷವರಿಗೆ

ಷವರು ನಮ್ಮಲ್ಲಿ ಹುಟ್ಟಿದ್ದಲ್ಲ. ನಮ್ಮದು ಬಚ್ಚಲುಮನೆಯ ತಾಮ್ರದ ಹಂಡೆ, ಚೆಂಬು, ಸೀಗೆಪುಡಿಯ ಪರಂಪರೆ. ನರಕಚತುರ್ದಶಿಯ ಹಿಂದಿನ ಸಂಜೆ ಹಂಡೆಯನ್ನು ತೊಳೆದು ಬೆಳಗಿ, ಸುಣ್ಣ ಕೆಮ್ಮಣ್ಣು ಬಳಿದು, ನೀರು ತುಂಬಿ ಪೂಜಿಸುವ ನೀರು ತುಂಬುವ ಹಬ್ಬವನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಹಂಡೆ ತುಂಬುವುದೇ ಹಬ್ಬವೆನಿಸಿದ್ದ ಕಾಲವದು.

ಲಂಡನ್ನಿನ ಒಲೆ ತಯಾರಕನಾದ ವಿಲಿಯಂ ಫೀತಮ್ 1767ರಲ್ಲಿ ಷವರಿಗೆ ಪೇಟೆಂಟ್ ಪಡೆದನು. ಕೈಪಂಪಿನಿಂದ ನೀರನ್ನು ತಲೆಯ ಮೇಲಿನ ತೊಟ್ಟಿಗೆ ಏರಿಸಿ, ಸರಪಳಿಯನ್ನು ಎಳೆದರೆ ಅದು ಮೈಮೇಲೆ ಸುರಿಯುತ್ತಿತ್ತು. ಬಿದ್ದ ಕೊಳೆನೀರೇ ಪಂಪಿನಿಂದ ಮತ್ತೆ ಮೇಲೇರುತ್ತಿತ್ತು! ಪಂಪು ಜೋಡಿಸಿದ ಮನೆಯ ಷವರಿನ ಮೂಲಪುರುಷ ಇದೆಂದು ಹೇಳಬಹುದು. ಸಾಮಾನ್ಯರಿಗೆ ಷವರು ತಲುಪಿದ್ದು ಬೇರೆ ದಾರಿಯಿಂದ. 1872ರ ಸುಮಾರಿಗೆ ಫ್ರಾನ್ಸಿನ ರುವಾನ್ ಸೆರೆಮನೆಯ ವೈದ್ಯ ಮೆರಿ ದೆಲಾಬೋಸ್ಟ್, ಕಡಿಮೆ ನೀರಿನಲ್ಲಿ, ಕಡಿಮೆ ಹೊತ್ತಿನಲ್ಲಿ ಅನೇಕ ಕೈದಿಗಳ ಮೈ ಶುಚಿಗೊಳಿಸುವ ಉಪಾಯವಾಗಿ ಅದನ್ನು ಬಳಕೆಗೆ ತಂದನು. ನೀರಿನ ಮಿತವ್ಯಯಕ್ಕೆಂದು ಬಂದ ಸಾಧನವೇ ಇಂದು ನೀರಿನ ಅತಿವ್ಯಯದ ಸಾಧನವಾಗಿರುವುದು ಚರಿತ್ರೆಯ ವ್ಯಂಗ್ಯಗಳಲ್ಲೊಂದು.

ಬೆಂಗಳೂರಿಗೆ ನೀರು ಬಂದ ಬಗೆ

ಕೆರೆ ಬಾವಿಗಳನ್ನೇ ನಂಬಿದ್ದ ಬೆಂಗಳೂರಿಗೆ ಕೊಳವೆಯ ನೀರು ಬಂದದ್ದು 1894-96ರ ಹೆಸರಘಟ್ಟ ಯೋಜನೆಯಿಂದ. ಅರ್ಕಾವತಿಯ ನೀರು ಸೋಲದೇವನಹಳ್ಳಿಯವರೆಗೆ ತಾನಾಗಿ ಹರಿದು, ಅಲ್ಲಿಂದ ಉಗಿಯಂತ್ರಗಳ ಬಲದಿಂದ ನಗರದತ್ತ ಏರಿತು. ಅದು ಸಾಲದಾದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಬಂದಿತು. 1964ರಲ್ಲಿ ಜಲಮಂಡಳಿ ರಚಿತವಾಯಿತು. 1974ರಲ್ಲಿ ಕಾವೇರಿ ಬಂದಳು. ಅಂದಿನಿಂದ ಹಂತ ಹಂತವಾಗಿ ಆ ಯೋಜನೆ ಬೆಳೆದು, 2024ರ ಅಕ್ಟೋಬರಿನಲ್ಲಿ ದಿನಕ್ಕೆ 77.5 ಕೋಟಿ ಲೀಟರು ಸಾಮರ್ಥ್ಯದ ಐದನೆಯ ಹಂತ ಉದ್ಘಾಟನೆಯಾಯಿತು.

ಕಾವೇರಿ ನೀರು ಸುಮಾರು 100 ಕಿಲೋಮೀಟರು ದೂರದಿಂದ ಬರುತ್ತದೆ. ಅದಕ್ಕಿಂತ ಮುಖ್ಯವಾದುದು ಎತ್ತರ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಮೆಟ್ಟಿಲುಗಳಲ್ಲಿ ಪಂಪುಗಳು ಅದನ್ನು ಸುಮಾರು 500 ಮೀಟರು ಮೇಲಕ್ಕೆ ಎತ್ತುತ್ತವೆ. ಎಂದರೆ ನಂದಿಬೆಟ್ಟದ ಬುಡದಿಂದ ತುದಿಗೆ ಏರಿಸಿದಂತೆ. ಒಂದು ಸಾವಿರ ಲೀಟರನ್ನು ಅಷ್ಟು ಎತ್ತಲು ಲೆಕ್ಕದ ಪ್ರಕಾರವೇ 1.36 ಯೂನಿಟ್ ವಿದ್ಯುತ್ ಬೇಕು. ಯಂತ್ರಗಳಲ್ಲಿ ಆಗುವ ನಷ್ಟವನ್ನು ಸೇರಿಸಿದರೆ ಇನ್ನೂ ಹೆಚ್ಚು. ನಿಮಿಷಕ್ಕೆ 10 ಲೀಟರು ಸುರಿಸುವ ಷವರಿನ ಕೆಳಗೆ ಎಂಟು ನಿಮಿಷ ನಿಂತವರು 80 ಲೀಟರು ಬಳಸುತ್ತಾರೆ. ಎರಡು ಬಕೆಟ್ಟಿನ ಸ್ನಾನಕ್ಕೆ 40 ಲೀಟರು ಸಾಕು. ಉಳಿದ 40 ಲೀಟರನ್ನು ಯಾರೋ ನಮಗಾಗಿ ಬೆಟ್ಟದ ಮೇಲಕ್ಕೆ ಹೊತ್ತು ತಂದಿದ್ದಾರೆ ಎಂದು ಭಾವಿಸಿದರೆ ತಪ್ಪಲ್ಲ.

ಪರೀಕ್ಷೆಯ ಕ್ರಮ

ಇನ್ನು ಮನೆಯ ಷವರಿಗೆ ಬರೋಣ. ಯಾವ ಉಪಕರಣವನ್ನಾದರೂ ಬಿಚ್ಚುವ ಮೊದಲು ಪಂಪಿನ ವಿದ್ಯುತ್ತನ್ನು ಮುಖ್ಯ ಗುಂಡಿಯಲ್ಲಿಯೇ ಆರಿಸಿರಬೇಕು. ನೀರಿರುವಲ್ಲಿ ಈ ಎಚ್ಚರ ಎರಡು ಪಾಲು ಅವಶ್ಯ.

ಮೊದಲು ಅಳತೆ. 10 ಲೀಟರಿನ ಬಕೆಟ್ಟನ್ನು ಷವರಿನ ಕೆಳಗಿಟ್ಟು ಗಡಿಯಾರ ನೋಡಿ. ಒಂದು ನಿಮಿಷದಲ್ಲಿ ತುಂಬಿದರೆ ನೀರು ಕಡಿಮೆಯೆನ್ನಲಾಗದು. ಷವರಿನ ತಟ್ಟೆ ಅತಿ ದೊಡ್ಡದೆಂದೇ ಅರ್ಥ. ಎರಡು ನಿಮಿಷ ಮೀರಿದರೆ ಮುಂದಿನ ವಿಚಾರಣೆಗೆ ಇಳಿಯಬಹುದು.

ಎರಡನೆಯದಾಗಿ, ಉಳಿದ ನಲ್ಲಿಗಳನ್ನು ನೋಡಿ. ಅವೆಲ್ಲ ಚೆನ್ನಾಗಿದ್ದು ಷವರೊಂದೇ ಸೊರಗಿದ್ದರೆ ದೋಷ ಷವರಿನಲ್ಲಿಯೇ ಇದೆ. ಕೊಳವೆಬಾವಿಯ ಗಡಸು ನೀರು ರಂಧ್ರಗಳಲ್ಲಿ ಸುಣ್ಣವನ್ನು ಕಟ್ಟುತ್ತದೆ. ತಟ್ಟೆಯನ್ನು ತಿರುಗಿಸಿ ಬಿಚ್ಚಿ, ವಿನಿಗರಿನಲ್ಲೋ ನಿಂಬೆಹುಳಿಯ ನೀರಿನಲ್ಲೋ ಕೆಲವು ಗಂಟೆ ನೆನೆಯಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಸಾಕು. ಅದರ ಕುತ್ತಿಗೆಯಲ್ಲಿರುವ ಸಣ್ಣ ಜರಡಿಯನ್ನು ಮರೆಯಬೇಡಿ. ತಟ್ಟೆ ತೆಗೆದ ಬರಿಯ ಕೊಳವೆಯಿಂದ ನೀರು ಧಾರಾಕಾರವಾಗಿ ಬಂದರೆ ಕಾಯಿಲೆ ಸಿಕ್ಕಿತೆಂದೇ ತಿಳಿಯಿರಿ.

ಮೂರನೆಯದಾಗಿ, ತಣ್ಣೀರು ಬಿಸಿನೀರುಗಳನ್ನು ಬೇರೆ ಬೇರೆಯಾಗಿ ಬಿಟ್ಟು ನೋಡಿ. ಪಂಪನ್ನು ತಣ್ಣೀರಿನ ಸಾಲಿಗೆ ಮಾತ್ರ ಹಾಕಿದ್ದರೆ, ಬಲವಾದ ತಣ್ಣೀರು ಮಿಶ್ರಣದ ನಲ್ಲಿಯಲ್ಲಿ ದುರ್ಬಲವಾದ ಬಿಸಿನೀರನ್ನು ಹಿಂದಕ್ಕೆ ತಳ್ಳುತ್ತದೆ. ಸ್ನಾನಗೃಹದಲ್ಲಿ ಬಿಸಿನೀರು ಬಾರದು; ತಾರಸಿಯ ಗಾಳಿಕೊಳವೆಯಿಂದ ನೀರು ಉಕ್ಕುತ್ತಿರುತ್ತದೆ. ಇದಕ್ಕೆ ಹಿಮ್ಮುಖ ತಡೆಯುವ ಕವಾಟ ಬೇಕು. ಎರಡೂ ಸಾಲುಗಳ ಒತ್ತಡ ಸಮವಾಗಿರಬೇಕು. ಬಿಸಿನೀರಿನ ಸಾಲಿಗೆ ಪಂಪನ್ನು ಹಾಕಿ ಅದು ಸೌರತೊಟ್ಟಿಗೆ ಬರುವ ನೀರಿಗಿಂತ ವೇಗವಾಗಿ ಎಳೆದರೆ, ಅದೇ ಗಾಳಿಕೊಳವೆಯಿಂದ ಗಾಳಿ ಒಳನುಗ್ಗಿ ಷವರು ಕೆಮ್ಮುತ್ತಾ ಉಗುಳುತ್ತಾ ಬರುತ್ತದೆ. ತಣ್ಣೀರಿನ ತೊಟ್ಟಿಯ ತಳ ಸೌರತೊಟ್ಟಿಯ ತಲೆಗಿಂತ ಮೇಲಿರಬೇಕೆಂಬುದನ್ನೂ ಅನೇಕರು ಪಾಲಿಸಿರುವುದಿಲ್ಲ.

ನಾಲ್ಕನೆಯದಾಗಿ ಪಂಪು. ಕೆಲವು ಪಂಪುಗಳು ನೀರು ಸ್ವಲ್ಪವಾದರೂ ತಾನಾಗಿ ಹರಿದ ಮೇಲೆಯೇ ಚಾಲೂ ಆಗುತ್ತವೆ. ತೊಟ್ಟಿ ಷವರಿಗಿಂತ ಸಾಕಷ್ಟು ಎತ್ತರದಲ್ಲಿಲ್ಲದಿದ್ದರೆ ಆ ಮೊದಲ ಹರಿವೇ ಇರದು. ಪಂಪು ಮಲಗಿಯೇ ಇರುತ್ತದೆ. ಗುಂಯ್ಗುಟ್ಟುತ್ತಿದ್ದರೂ ತಿರುಗದಿದ್ದರೆ ಕೆಪಾಸಿಟರ್ ಸೋತಿರಬಹುದು, ಇಲ್ಲವೇ ಒಳಚಕ್ರಕ್ಕೆ ಕಸ ಸಿಕ್ಕಿರಬಹುದು. ತಿರುಗುತ್ತಿದ್ದರೂ ನೀರು ಸಣ್ಣಗಿದ್ದರೆ ಒಳಬರುವ ದಾರಿಯನ್ನು ನೋಡಿ: ತೊಟ್ಟಿಯ ಬುಡದ ಕವಾಟ ಅರ್ಧ ತೆರೆದಿದೆಯೇ, ಜರಡಿ ಕಟ್ಟಿದೆಯೇ, ಒಂದು ಇಂಚಿನ ಪಂಪಿಗೆ ಅರ್ಧ ಇಂಚಿನ ಕೊಳವೆಯನ್ನು ಜೋಡಿಸಿದ್ದಾರೆಯೇ? ತನಗೆ ಬಾರದ ನೀರನ್ನು ಯಾವ ಪಂಪೂ ಮುಂದಕ್ಕೆ ಕಳುಹಿಸಲಾರದು. ಆದ್ದರಿಂದ ಇನ್ನೂ ದೊಡ್ಡ ಪಂಪು ಎಂಬ ಸಲಹೆಯನ್ನು ಈ ಎಲ್ಲ ಪರೀಕ್ಷೆಗಳೂ ಮುಗಿದ ಮೇಲಷ್ಟೇ ಪರಿಗಣಿಸಬೇಕು.

ಬೀದಿಯ ಕೊಳವೆಗೆ ಮೋಟಾರು

ಎರಡನೆಯ ಸಲಹೆಯ ವಿಚಾರದಲ್ಲಿ ಮಾತ್ರ ನಾನು ಕಠಿಣವಾಗಿಯೇ ಹೇಳಬೇಕಾಗಿದೆ. ಅದನ್ನು ಖಂಡಿತ ಮಾಡಬೇಡಿ.

ತೊಟ್ಟಿಯ ಮುಂದಿರುವ ಪಂಪು ನಿಮ್ಮ ಪಾಲಿನ ನೀರಿಗೆ ಒತ್ತಡವನ್ನು ಕೊಡುತ್ತದೆ. ಬೀದಿಯ ಕೊಳವೆಗೆ ಹಚ್ಚಿದ ಮೋಟಾರು ಇನ್ನೊಬ್ಬರ ಪಾಲಿನ ನೀರನ್ನು ಎಳೆಯುತ್ತದೆ. ನಾನು ಕೆಲಸದಲ್ಲಿದ್ದ ಊರೊಂದರಲ್ಲಿ, ಬೀದಿಯ ತಗ್ಗಿನ ತುದಿಯ ಮನೆಯವರೊಬ್ಬರು ಮೋಟಾರು ಹಾಕಿದರು; ಅದನ್ನು ಕಂಡು ಪಕ್ಕದವರು, ಅವರನ್ನು ಕಂಡು ಎದುರಿನವರು. ಏರಿನ ತುದಿಯಲ್ಲಿ ಒಂಟಿಯಾಗಿದ್ದ ಅಜ್ಜಿಯೊಬ್ಬರ ಮನೆಗೆ ನೀರು ಬರುವುದು ನಿಂತೇಹೋಯಿತು. ಆಕೆ ಬೆಳಗಿನ ಜಾವ ಕೊಡ ಹಿಡಿದು ಬೀದಿ ಇಳಿಯುತ್ತಿದ್ದುದನ್ನು ನಾನು ಎಷ್ಟೋ ದಿನ ನೋಡಿದ್ದೇನೆ. ಆಕೆಗೆ ಕೇಡು ಬಯಸಿದವರು ಆ ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಎಲ್ಲರೂ ತಮ್ಮ ತಮ್ಮ ಮನೆಯ ಅನುಕೂಲವನ್ನಷ್ಟೇ ನೋಡಿಕೊಂಡಿದ್ದರು. ಫ್ರಾಂಟಿನಸನು ರೋಮಿನ ತೊಟ್ಟಿಗಳ ಬಳಿ ಕಂಡದ್ದು ಬೇರೇನೂ ಅಲ್ಲ.

ಅಪಾಯ ನೆರೆಯವರಿಗೆ ಮಾತ್ರವೂ ಅಲ್ಲ. ಮೋಟಾರು ಬಲವಾಗಿ ಎಳೆದಾಗ ಬೀದಿಯ ಕೊಳವೆಯೊಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗುತ್ತದೆ. ಟಾರಿಸೆಲ್ಲಿ ತೋರಿಸಿಕೊಟ್ಟಂತೆ, ಆಗ ಹೊರಗಿನ ಭಾರ ಒಳಕ್ಕೆ ತಳ್ಳುತ್ತದೆ. ಹಳೆಯ ಕೊಳವೆಯ ಬಿರುಕುಗಳ ಸುತ್ತ ಚರಂಡಿಯ ನೀರು ನಿಂತಿದ್ದರೆ ಅದೇ ಒಳಸೇರಿ, ಎಳೆದವರ ಮನೆಯ ಸಂಪಿಗೇ ಬರುತ್ತದೆ. ಬೆಂಗಳೂರಿನ ಜಲಮಂಡಳಿ 2025ರ ಏಪ್ರಿಲಿನಲ್ಲಿ ಇಂಥ ಮೋಟಾರುಗಳ ವಿರುದ್ಧ 5,000 ರೂಪಾಯಿ ದಂಡದ ಕ್ರಮವನ್ನು ಕೈಗೊಂಡಿತು. ದಂಡದ ಭಯಕ್ಕಿಂತ ಮಕ್ಕಳ ಹೊಟ್ಟೆನೋವಿನ ಭಯ ನಮ್ಮನ್ನು ತಡೆಯಬೇಕು.

2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ, ನಲ್ಲಿಗಳ ಮೂತಿಗೆ ಗಾಳಿ ಬೆರೆಸುವ ಏರೇಟರುಗಳನ್ನು ಹಾಕಬೇಕೆಂದು ಅದೇ ಮಂಡಳಿ ಆದೇಶಿಸಿತು. ಆ ಸಣ್ಣ ಜರಡಿ ಕಡಿಮೆ ನೀರಿನಲ್ಲಿಯೇ ತುಂಬು ಧಾರೆಯ ಅನುಭವವನ್ನು ಕೊಡುತ್ತದೆ. ಕಡಿಮೆ ನೀರಿನ ಷವರುಗಳೂ ಅಂಗಡಿಗಳಲ್ಲಿ ದೊರೆಯುತ್ತವೆ. ತಟ್ಟೆಯಷ್ಟು ಅಗಲದ ಷವರನ್ನು ತೆಗೆದು ಅಂಗೈಯಗಲದ್ದನ್ನು ಹಾಕಿದರೆ, ಇದ್ದ ನೀರೇ ರಭಸವಾಗಿ ಬೀಳುವುದು. ಇದು ಅತ್ಯಂತ ಅಗ್ಗದ ಚಿಕಿತ್ಸೆ. ಆದರೆ ಪಂಪು ಮಾರುವವರು ಇದನ್ನು ಹೇಳುವುದಿಲ್ಲ.

ಎತ್ತರವನ್ನು ಯಂತ್ರದಿಂದ ಸಂಪಾದಿಸಬಹುದು, ದಾರಿಯನ್ನು ಅಗಲಿಸಬಹುದು, ಗಾಳಿಯನ್ನು ಹೊರಬಿಡಬಹುದು, ಸುಣ್ಣವನ್ನು ತಿಕ್ಕಿ ತೆಗೆಯಬಹುದು. ಮೂಲದಲ್ಲಿ ನೀರು ಇಲ್ಲವಾದರೆ ಮಾಡಬಹುದಾದ ರಿಪೇರಿ ಯಾವುದೂ ಇಲ್ಲ. ವಿಜಯಪುರದ ಗಂಜುಗಳು ಇಂದಿಗೂ ಗಟ್ಟಿಮುಟ್ಟಾಗಿ ನಿಂತಿವೆ. ಅವುಗಳೊಳಗೆ ಏರುತ್ತಿದ್ದ ನೀರು ಮಾತ್ರ ಇಲ್ಲ. ಅತ್ತ ಹೋದವರು ಗೋಳಗುಮ್ಮಟದ ಪ್ರತಿಧ್ವನಿಯನ್ನು ಕೇಳಿ ಮುಗಿಸಿದ ಮೇಲೆ, ಹತ್ತು ನಿಮಿಷ ಬಿಡುವು ಮಾಡಿಕೊಂಡು ಒಂದು ಗಂಜನ್ನಾದರೂ ಮಕ್ಕಳಿಗೆ ತೋರಿಸಿ ಬನ್ನಿ.

ಎಲ್ಲರಿಗೂ ಶುಭವಾಗಲಿ.

ಇಂತಿ,
ನಿಮ್ಮ ಮೇಷ್ಟರು